ತರಗೆಲೆಯ ಅಡಿಯ ಕೆಂಡ

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಸೊಸೈಟಿ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಗೋಡೆ ಪಕ್ಕದ ಹೂವಿನ ಪಾತಿಯಿಂದ ಹೊಗೆ ಏಳುತ್ತಿತ್ತು. ಬೇಸಿಗೆಯಲ್ಲಿ ತೇವ ಆರದಿರಲಿ ಅಂತ ದಾಸವಾಳದ ಬುಡಕ್ಕೆ ತರಗೆಲೆ, ತೆಂಗಿನ ನಾರು, ಕಬ್ಬಿನ ರವದಿ ಸೇರಿಸಿ ದಪ್ಪಗೆ ಹೊದಿಕೆ ಹಾಕಿದ್ದೆವು. ವಾಚ್‌ಮನ್ ಒಂದು ಬಕೆಟ್ ನೀರು ಸುರಿದ. ಹೊಗೆ ನಿಂತಿತು. ಸಂಜೆ ಮತ್ತೆ ಹೊಗೆ, ಈ ಸಲ ಒಂದು ಗೇಣು ಆಚೆ. ಮೂರನೇ ಮಹಡಿಯ ವಿಜಯಪುರದ ಕಾಕು ಇಳಿದು ಬಂದು ನೋಡಿದರು. "ಬೆಂಕಿ ಹಚ್ಚಿದವರು ಯಾರೂ ಇಲ್ಲ, ಉರಿನೂ ಇಲ್ಲ. ಇದು ಬಾನಾಮತಿನೇ ರೀ" ಅಂದರು. ಬಾನಾಮತಿ ಅಂದರೆ ಮಾಟ.

ಕಾಕು ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಮಾತು ಕೇಳಿದರೆ ಭಯವಾಗುತ್ತದೆ. ಕಲಬುರಗಿ, ಬೀದರ್, ಈ ಕಡೆ ಮರಾಠವಾಡದ ಹಳ್ಳಿಗಳಲ್ಲಿ ಬಣವೆ ತಾನಾಗಿ ಹೊತ್ತಿಕೊಂಡರೆ ಬಾನಾಮತಿ ಅನ್ನುತ್ತಿದ್ದರು. ಆಮೇಲೆ ಯಾರೋ ಒಬ್ಬರ ಮೇಲೆ ಆರೋಪ ಬೀಳುತ್ತಿತ್ತು, ಹೊಡೆತವೂ ಬೀಳುತ್ತಿತ್ತು. ಇಂಥ ನಂಬಿಕೆಗಳ ವಿರುದ್ಧ ಹೋರಾಡಿದ ನರೇಂದ್ರ ದಾಭೋಲ್ಕರ್ ಅವರನ್ನು 2013ರ ಆಗಸ್ಟ್ 20ರಂದು ಇದೇ ಪುಣೆಯಲ್ಲಿ ಗುಂಡಿಟ್ಟು ಕೊಂದರು. ಮಹಾರಾಷ್ಟ್ರದ ಮಾಟಮಂತ್ರ ತಡೆ ಕಾನೂನು ಬಂದದ್ದು ಅದಾದ ಮೇಲೆಯೇ.

ಉರಿ ಇದ್ದರೆ ಮಾತ್ರ ಬೆಂಕಿ ಅಂತ ನಾವು ತಿಳಿದಿದ್ದೇವೆ. ತಪ್ಪಾಗುವುದು ಅಲ್ಲೇ. ಕಟ್ಟಿಗೆ ಕಾದಾಗ ಅದರಿಂದ ಅನಿಲ ಹೊರಡುತ್ತದೆ. ಉರಿಯಾಗಿ ಕಾಣುವುದು ಆ ಅನಿಲ. ಅದು ತೀರಿದ ಮೇಲೆ ಉಳಿಯುವ ಇದ್ದಿಲನ್ನು ಗಾಳಿಯ ಆಮ್ಲಜನಕ ನೇರವಾಗಿ ಮೇಯುತ್ತದೆ. ಅದೇ ಕೆಂಡ. ನಮ್ಮಜ್ಜಿ ರಾತ್ರಿ ಕೆಂಡದ ಮೇಲೆ ಬೂದಿ ಎಳೆದು ಮಲಗುತ್ತಿದ್ದರು. ಬೆಳಿಗ್ಗೆ ಊದುಗೊಳವೆಯಲ್ಲಿ ಎರಡು ಸಲ ಊದಿದರೆ ಉರಿ ಏಳುತ್ತಿತ್ತು. ಬೂದಿ ಆ ಕೆಂಡಕ್ಕೆ ಕಂಬಳಿಯೂ ಹೌದು, ಜರಡಿಯೂ ಹೌದು. ಶಾಖವನ್ನು ಒಳಗೇ ಹಿಡಿಯುತ್ತದೆ, ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಊದುಬತ್ತಿ ನೋಡಿ, ಉರಿಯೇ ಇಲ್ಲದೆ ತುದಿಯಿಂದ ಬುಡದವರೆಗೆ ಸುಡುತ್ತದೆ. ಹೊಟ್ಟಿನ ಒಲೆಯೂ ಹೀಗೇ, ಗಂಟೆಗಟ್ಟಲೆ ಒಳಗೊಳಗೇ ಬೇಯುತ್ತದೆ. ತರಗೆಲೆ ಹೊದಿಕೆ ಅಂದರೆ ನೆಲದ ಮೇಲೆ ಹರಡಿದ ಹೊಟ್ಟಿನ ಒಲೆ, ಅಲ್ವಾ? ಒಂದು ಸಿಗರೇಟ್ ತುಂಡು ಬಿದ್ದರೆ ಸಾಕು. ಅದರ ಕೆಂಡ 600 ಡಿಗ್ರಿ ಸೆಲ್ಸಿಯಸ್‌ಗೂ ಜಾಸ್ತಿ ಬಿಸಿ. ಅಲ್ಲಿಂದ ಹೊದಿಕೆಯೊಳಗೆ ಬೆಂಕಿ ಗಂಟೆಗೆ ಕೆಲವೇ ಸೆಂಟಿಮೀಟರ್ ತೆವಳುತ್ತದೆ. ಮಧ್ಯಾಹ್ನದಿಂದ ಸಂಜೆಗೆ ಒಂದು ಗೇಣು ಅಂದರೆ ಲೆಕ್ಕ ಸರಿಹೋಯಿತು. ಜೋರಾಗಿ ಗಾಳಿ ಬೀಸಿದರೆ ಅದೇ ಅಜ್ಜಿಯ ಊದುಗೊಳವೆ. ಉರಿ ಎದ್ದೇಳುತ್ತದೆ.

ಇಂಥ ಬೆಂಕಿಯ ತಾಳ್ಮೆ ನೋಡಬೇಕಾದರೆ ಜಾರ್ಖಂಡ್‌ನ ಝರಿಯಾದ ಕಲ್ಲಿದ್ದಲು ಗಣಿಗಳನ್ನು ನೋಡಿ. ಅಲ್ಲಿ ಮೊದಲ ಬೆಂಕಿ ಕಂಡದ್ದು 1916ರಲ್ಲಿ. ನೆಲ ಇವತ್ತಿಗೂ ಹೊಗೆಯಾಡುತ್ತಿದೆ.

ಬಣವೆ ತಾನಾಗಿ ಹೊತ್ತಿಕೊಳ್ಳುವುದೂ ನಿಜ. ತೇವದ ಹುಲ್ಲನ್ನು ಸೂಕ್ಷ್ಮಜೀವಿಗಳು ತಿನ್ನುವಾಗ ಶಾಖ ಹುಟ್ಟುತ್ತದೆ. ಹುಲ್ಲಿನಲ್ಲಿ ಮಾವು ಹಣ್ಣಿಗಿಟ್ಟಾಗ ಕೈ ತೂರಿಸಿದರೆ ಬೆಚ್ಚಗಿರುತ್ತದಲ್ಲ, ಹಾಗೆ. ರಾಶಿಯ ಉದ್ದ, ಅಗಲ, ಎತ್ತರ ಎರಡರಷ್ಟಾದರೆ ಶಾಖ ಹುಟ್ಟಿಸುವ ಒಳಗಿನ ಹುಲ್ಲು ಎಂಟರಷ್ಟಾಗುತ್ತದೆ. ಶಾಖ ಬಿಡುವ ಹೊರಮೈ ಮಾತ್ರ ನಾಲ್ಕರಷ್ಟೇ. ಸಂತೆಯ ಜನವೆಲ್ಲ ಒಂದೇ ಬಾಗಿಲಲ್ಲಿ ನುಗ್ಗಿದ ಹಾಗೆ ಶಾಖ ಒಳಗೇ ಸಿಕ್ಕಿಬೀಳುತ್ತದೆ. 70 ಡಿಗ್ರಿ ದಾಟಿದರೆ ಹೆಚ್ಚಿನ ಜೀವಿಗಳು ಸಾಯುತ್ತವೆ. ಅಷ್ಟರಲ್ಲಿ ಹುಲ್ಲು ತಾನೇ ಆಮ್ಲಜನಕದ ಜೊತೆ ಸೇರಿ ಕಾಯಲು ಶುರುವಾಗಿರುತ್ತದೆ. ಮೂರು ಇಂಚಿನ ಹೊದಿಕೆಗೆ ಈ ಭಯವಿಲ್ಲ. ಸೊಸೈಟಿ ಹಿಂದೆ ಆಳೆತ್ತರ ಪೇರಿಸಿಡುವ ಎಲೆರಾಶಿಗೆ ಇದೆ.

ಒಂದು ಬಕೆಟ್ ನೀರು ಸಾಲದ್ದಕ್ಕೂ ಕಾರಣವಿದೆ. ಚೆನ್ನಾಗಿ ಒಣಗಿದ ಹೊದಿಕೆ ನೀರನ್ನು ಬೇಗ ಹೀರುವುದಿಲ್ಲ. ನೀರು ಸಂದಿಯಲ್ಲಿ ಇಳಿದು ಹೋಗುತ್ತದೆ, ಕೆಂಡ ಅಲ್ಲೇ ಉಳಿಯುತ್ತದೆ. ಅವತ್ತು ಸಂಜೆ ಸಲಿಕೆಯಿಂದ ಇಡೀ ಪಾತಿ ಕೆದಕಿದೆವು. ಬೂದಿ ಸರಿಸಿದಾಗ ಕೆಳಗೆ ಕೆಂಪಗೆ ಕಂಡಿತು, ಪಕ್ಕದಲ್ಲೇ ಅರ್ಧ ಸುಟ್ಟ ಸಿಗರೇಟ್ ಫಿಲ್ಟರ್. ಕಾಕು ಬಗ್ಗಿ ನೋಡಿ, "ಅಯ್ಯ, ನಮ್ಮ ಒಲಿಯಾಗಿನ ಕೆಂಡ ಐತಲ್ರೀ ಇದು" ಅಂದರು. ಪೈಪ್ ಹಿಡಿದು ಕೆಸರಾಗುವವರೆಗೆ ನೆನೆಸಿದೆವು.

ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಟು ಬಗೆಯ ಹೊದಿಕೆಗೆ ಬೆಂಕಿ ಹಚ್ಚಿ ಹೋಲಿಸಿದ್ದರು. ತುಂಡು ಮಾಡಿದ ರಬ್ಬರ್ ಎಲ್ಲಕ್ಕಿಂತ ಜೋರಾಗಿ ಉರಿಯಿತು. ಚೆನ್ನಾಗಿ ಕಳಿತ ಮರದ ಚೂರು ನಿಧಾನವಾಗಿ ಸುಟ್ಟಿತು. ಆದರೂ ಸುಟ್ಟಿತು. ಅದಕ್ಕೇ ಮೀಟರ್ ಬಾಕ್ಸ್, ಗ್ಯಾಸ್ ಪೈಪ್, ಸ್ಕೂಟರ್ ನಿಲ್ಲಿಸುವ ಜಾಗದಿಂದ ಐದು ಅಡಿವರೆಗೆ ಹೊದಿಕೆ ತೆಗೆದು ಜಲ್ಲಿ ಹಾಕಿದ್ದೇವೆ. ತೆಗೆದ ಎಲೆಯನ್ನು ಸುಡಲಿಲ್ಲ. ಅದು ಗೊಬ್ಬರದ ಗುಂಡಿಯಲ್ಲಿದೆ, ಸೊಂಟದೆತ್ತರಕ್ಕಿಂತ ಕಡಿಮೆ. ವಾರಕ್ಕೊಮ್ಮೆ ಮಗುಚಿ ನೀರು ಹಾಕುತ್ತೇವೆ.