ಮುರಿದ ಪಾವಟಿಗೆ: ‘ನೀವು ನಡೀರಿ ಮೇಡಮ್, ನಾವು ನೋಡ್ಕೋತೀವಿ’

ಸೇಡಂ ಕಡೆಯ ನಮ್ಮ ಅಜ್ಜಿ ಊರಲ್ಲಿ ಮಾಳಿಗೆ ಮನೆ. ಮೇಲೆ ಹತ್ತೋಕೆ ಒಂದು ಮರದ ನಿಚ್ಚಣಿಕೆ, ಅಂದ್ರೆ ಏಣಿ. ಅದರ ಕೆಳಗಿನ ಪಾವಟಿಗೆ ಯಾವತ್ತೋ ಮುರಿದಿತ್ತು. ಮಾಮಂದಿರು ಲುಂಗಿ ಎತ್ತಿ ಕಟ್ಟಿ, ಎರಡನೇ ಪಾವಟಿಗೆಗೇ ಕಾಲಿಟ್ಟು ಸರಸರ ಹತ್ತಿಬಿಡುತ್ತಿದ್ದರು. ಸೀರೆ ಉಟ್ಟ ಅಜ್ಜಿಗೆ, ಅತ್ತೆಗೆ ಅದು ಆಗುತ್ತಿರಲಿಲ್ಲ. ಮಾಳಿಗೆ ಮೇಲೆ ಒಣಗುವ ಮೆಣಸಿನಕಾಯಿ, ಶಾವಿಗೆ, ಸಂಡಿಗೆ ಎಲ್ಲ ಅವರ ಕೈಯದ್ದೇ. ಆದರೆ ಹರಡೋಕೂ, ಮೋಡ ಕವಿದಾಗ ಎತ್ತಿ ತರೋಕೂ ಯಾವನಾದರೂ ಹುಡುಗನನ್ನು ಕೂಗಬೇಕಿತ್ತು. ಐದಾರು ವರ್ಷ ಆ ನಿಚ್ಚಣಿಕೆ ಹಾಗೇ ಇತ್ತು. ಸುತ್ತಿಗೆ ಹಿಡಿಯುವವರಿಗೆ ಅದು ಮುರಿದಿದೆ ಅಂತ ಅನಿಸಿಯೇ ಇರಲಿಲ್ಲ.

ಈ ಸಲ ಪರಿಚಯ ಮಾಡಿಕೊಳ್ಳಬೇಕಾದ ಪದ ಇದೇ. ಇಂಗ್ಲಿಷಿನಲ್ಲಿ ‘ಬ್ರೋಕನ್ ರಂಗ್’ ಅಂತಾರೆ. ನಮ್ಮ ಕಲಬುರಗಿಯಲ್ಲಿ ರಂಗ್ ಅಂದ್ರೆ ಬಣ್ಣ. ಒಂದು ಟ್ರೈನಿಂಗಿನಲ್ಲಿ ಈ ಮಾತು ಮೊದಲ ಸಲ ಕಿವಿಗೆ ಬಿದ್ದಾಗ ಯಾವುದರದ್ದೋ ಬಣ್ಣ ಕೆಟ್ಟಿದೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಇದು ಏಣಿಯ ಮಾತು. ಕನ್ನಡದಲ್ಲಿ ‘ಮುರಿದ ಮೆಟ್ಟಿಲು’ ಅನ್ನಬಹುದು. ನನಗೆ ‘ಮುರಿದ ಪಾವಟಿಗೆ’ಯೇ ಬಾಯಿಗೆ ಬರುತ್ತದೆ.

ಅರ್ಥ ಇಷ್ಟೇ. ಕೆಲಸಕ್ಕೆ ಸೇರಿದ ಹುಡುಗಿ ಮೊದಲ ಕೆಲವು ವರ್ಷ ತನ್ನ ಕೆಲಸ ತಾನು ಮಾಡುತ್ತಾಳೆ. ಮುಂದಿನ ಹಂತದಲ್ಲಿ ಬೇರೆಯವರ ಕೆಲಸಕ್ಕೂ ಅವಳೇ ಜವಾಬ್ದಾರಳು. ಫ್ಯಾಕ್ಟರಿಯಲ್ಲಿ ಅದಕ್ಕೆ ಶಿಫ್ಟ್ ಇನ್‌ಚಾರ್ಜ್ ಅಂತಾರೆ, ಸಾಫ್ಟ್‌ವೇರಿನಲ್ಲಿ ಟೀಮ್ ಲೀಡ್, ಇನ್ನೊಂದು ಕಡೆ ಸೆಕ್ಷನ್ ಹೆಡ್. ಹೆಸರು ಏನೇ ಇರಲಿ, ಅದು ಮೊದಲನೇ ಚಾರ್ಜು. ಹೆಣ್ಣುಮಕ್ಕಳು ಹಿಂದೆ ಬೀಳುವುದು ತೀರಾ ಮೇಲೆ ಹೋದಾಗ ಅಲ್ಲ, ಈ ಮೊದಲ ಪಾವಟಿಗೆಯಲ್ಲೇ ಅನ್ನುವುದು ಈ ಪದದ ತಿರುಳು.

ಈ ಮಾತು ಹೆಚ್ಚು ಬಳಕೆಗೆ ಬಂದದ್ದು 2019ರಲ್ಲಿ. ಮೆಕಿನ್ಸಿ ಮತ್ತು ಲೀನ್‌ಇನ್ ಸಂಸ್ಥೆಗಳು ಸೇರಿ ಅಮೆರಿಕದ ಕಂಪನಿಗಳ ಬಗ್ಗೆ ಪ್ರತಿ ವರ್ಷ ಒಂದು ವರದಿ ತರುತ್ತವೆ. ಆ ವರ್ಷದ ಲೆಕ್ಕದಲ್ಲಿ, 100 ಗಂಡಸರು ಮೊದಲ ಸಲ ಮ್ಯಾನೇಜರ್ ಹುದ್ದೆಗೆ ಬಡ್ತಿ ಪಡೆದರೆ ಹೆಂಗಸರು 72. 2023ರಲ್ಲಿ ಅದು 87ಕ್ಕೆ ಬಂತು. 2024ರಲ್ಲಿ ಮತ್ತೆ 81ಕ್ಕೆ ಇಳಿಯಿತು.

100ಕ್ಕೆ 72, ಅಷ್ಟೇನೂ ಕಡಿಮೆ ಅಲ್ಲವಲ್ಲ ಅನಿಸಬಹುದು. ಒಂದು ಸಣ್ಣ ಲೆಕ್ಕ ಹಾಕಿ. ಅಲ್ಲಿಂದ ಮೇಲೆ ಎಲ್ಲೂ ಭೇದವೇ ಇಲ್ಲ, ಪ್ರತಿ ಹಂತದಲ್ಲೂ ನಾಲ್ವರಲ್ಲಿ ಒಬ್ಬರಿಗೆ ಬಡ್ತಿ ಅಂದುಕೊಳ್ಳಿ. ಮುಂದಿನ ಹಂತದಲ್ಲಿ ಗಂಡಸರು 25, ಹೆಂಗಸರು 18. ಎಷ್ಟು ಹಂತ ದಾಟಿದರೂ ಮೊದಲು ಬಿದ್ದ ಕೊರತೆ ತುಂಬುವುದಿಲ್ಲ. ಮೇಲಿನ ಹಂತಗಳಲ್ಲಿ ಇನ್ನಷ್ಟು ಸೋರಿಕೆ ಇದ್ದರಂತೂ ಕೇಳಲೇ ಬೇಡಿ. ಕೊನೆಗೆ ಬೋರ್ಡ್ ರೂಮಿನಲ್ಲಿ ಒಬ್ಬಳೇ ಕೂತಿರುತ್ತಾಳೆ. ಅವಳನ್ನು ನೋಡಿ ಎಲ್ಲರೂ ಮೇಲಿನ ಬಾಗಿಲನ್ನೇ ದೂರುತ್ತಾರೆ.

ಅದಕ್ಕೊಂದು ಹಳೇ ಪದವೂ ಇದೆ, ‘ಗ್ಲಾಸ್ ಸೀಲಿಂಗ್’. ಮೆರಿಲಿನ್ ಲೋಡೆನ್ ಎಂಬವರು 1978ರಲ್ಲಿ ನ್ಯೂಯಾರ್ಕಿನ ಒಂದು ಸಭೆಯಲ್ಲಿ ಬಳಸಿದ್ದು. ಕನ್ನಡದಲ್ಲಿ ‘ಗಾಜಿನ ಚಾವಣಿ’ ಅಂತ ಬರೆಯುತ್ತಾರೆ. ಕಣ್ಣಿಗೆ ಕಾಣದೆ ತಲೆಗೆ ತಾಗುವ ತಡೆ ಅಂತ ಅರ್ಥ. ಒಳ್ಳೆಯ ಪದವೇ. ಆದರೆ ನಮ್ಮ ಹಳೇ ಮನೆಗಳ ಮೇಲೆ ಗಾಜು ಎಲ್ಲಿತ್ತು? ಶಹಾಬಾದಿ ಕಲ್ಲು, ಅದರ ಮೇಲೆ ಮಣ್ಣು. ಇನ್ನೊಂದು ಮಾತು: ತಲೆ ಚಾವಣಿಗೆ ತಾಗಬೇಕಾದರೆ ಮೊದಲು ಅಷ್ಟು ಎತ್ತರ ಹತ್ತಿರಬೇಕಲ್ವಾ? ನನ್ನ ಜೊತೆ ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದಿದ ಹುಡುಗಿಯರಲ್ಲಿ ಜಾಸ್ತಿ ಮಂದಿಗೆ ಚಾವಣಿ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ.

ನಮ್ಮ ಜಿಲ್ಲೆಯಲ್ಲಿ ಈ ಪಾವಟಿಗೆ ಹೇಗೆ ಮುರಿಯುತ್ತದೆ ಅಂತ ನೋಡಲು ಸಿಮೆಂಟ್ ಫ್ಯಾಕ್ಟರಿಗಿಂತ ಒಳ್ಳೆಯ ಜಾಗ ಇಲ್ಲ. ಸುಣ್ಣದ ಕಲ್ಲಿನ ನೆಲ ಇದು. ವಾಡಿ, ಮಳಖೇಡ, ಸೇಡಂ ಕಡೆ ಹೋದರೆ ಚಿಮಣಿಗಳೇ ಚಿಮಣಿ. ಸಿಮೆಂಟಿನ ಕಿಲ್ನ್ ಅಂದರೆ ಮಲಗಿಸಿದ ದೊಡ್ಡ ಕಬ್ಬಿಣದ ಕೊಳವೆ. ನಿಧಾನಕ್ಕೆ ಉರುಳುತ್ತಿರುತ್ತದೆ. ಒಳಗೆ ಕಲ್ಲಿನ ಪುಡಿ 1450 ಡಿಗ್ರಿಯಷ್ಟು ಕಾಯಬೇಕು. ಅದನ್ನು ರಾತ್ರಿ ಆರಿಸಿ ಬೆಳಗ್ಗೆ ಹಚ್ಚೋಕೆ ಆಗಲ್ಲ. ಹಾಗಾಗಿ ಮೂರು ಪಾಳಿ: ಬೆಳಗ್ಗೆ 6ರಿಂದ ಮಧ್ಯಾಹ್ನ 2, 2ರಿಂದ ರಾತ್ರಿ 10, 10ರಿಂದ ಮತ್ತೆ ಬೆಳಗ್ಗೆ 6.

ಈಗ 1948ರ ಕಾರ್ಖಾನೆ ಕಾಯ್ದೆಯ 66ನೇ ಸೆಕ್ಷನ್ ನೋಡಿ. ಕಾರ್ಖಾನೆಯಲ್ಲಿ ಹೆಂಗಸರು ಬೆಳಗ್ಗೆ 6ರಿಂದ ಸಂಜೆ 7ರವರೆಗೆ ಮಾತ್ರ ಕೆಲಸ ಮಾಡಬಹುದು ಅಂತ ಅದರಲ್ಲಿತ್ತು. ಹಾಗಾದರೆ ಮೂರನೇ ಪಾಳಿ ಇಲ್ಲ, ಎರಡನೆಯದೂ ಇಲ್ಲ. ಉಳಿದದ್ದು ಬೆಳಗಿನ ಪಾಳಿ, ಇಲ್ಲವೇ ಜನರಲ್ ಶಿಫ್ಟ್. ಕಾನೂನು ಬರೆದವರ ಮನಸ್ಸಿನಲ್ಲಿ ಹೆಂಗಸರ ಕ್ಷೇಮ ಇತ್ತು, ನಾನು ಇಲ್ಲ ಅನ್ನುವುದಿಲ್ಲ. ಆದರೆ ಶಿಫ್ಟ್ ಇನ್‌ಚಾರ್ಜ್ ಆಗಬೇಕಾದರೆ ಮೂರೂ ಪಾಳಿ ಮಾಡಿರಬೇಕು. ಎರಡು ಪಾಳಿಗೆ ಕಾನೂನೇ ಅಡ್ಡ ನಿಂತರೆ ಏಣಿ ಹತ್ತುವುದು ಹೇಗೆ? ಮದ್ರಾಸ್ ಹೈಕೋರ್ಟ್ 2000ದಲ್ಲೇ ಈ ತಡೆ ಸಮಾನತೆಗೆ ವಿರುದ್ಧ ಅಂತ ಹೊಡೆದುಹಾಕಿತ್ತು. ಕರ್ನಾಟಕದಲ್ಲಿ ಎಲ್ಲಾ ಕಾರ್ಖಾನೆಗಳಿಗೆ ರಾತ್ರಿ ಪಾಳಿಯ ಅನುಮತಿ ಬಂದದ್ದು 2019ರ ಕೊನೆಗೆ. ಹೆಣ್ಣುಮಗಳು ಒಪ್ಪಿ ಬರೆದುಕೊಡಬೇಕು, ಹೋಗಿಬರೋಕೆ ಗಾಡಿ ಇರಬೇಕು, ಹೀಗೆ ಷರತ್ತುಗಳ ಜೊತೆಗೆ.

ನಾನು ಕೆಲಸಕ್ಕೆ ಸೇರಿದ್ದು ಅದಕ್ಕಿಂತ ಸುಮಾರು ಹತ್ತು ವರ್ಷ ಮೊದಲು, ಇನ್‌ಸ್ಟ್ರುಮೆಂಟೇಶನ್ ವಿಭಾಗಕ್ಕೆ, ಅಂದ್ರೆ ಅಳತೆಯ ಉಪಕರಣಗಳನ್ನು ನೋಡಿಕೊಳ್ಳುವ ಕಡೆಗೆ. ಫ್ಯಾಕ್ಟರಿಯ ಹೆಸರು ಬೇಡ. ಒಂದು ಸಂಜೆಯ ಕಥೆ ಮಾತ್ರ ಹೇಳುತ್ತೇನೆ.

ಕಿಲ್ನಿನ ಹೊರಮೈ ಎಷ್ಟು ಕಾದಿದೆ ಅಂತ ದೂರದಿಂದಲೇ ಅಳೆಯುವ ಸ್ಕ್ಯಾನರ್ ಇರುತ್ತದೆ. ಅದರ ಜವಾಬ್ದಾರಿ ನನ್ನದು. ಅವತ್ತು ಸಂಜೆ ಆರರ ಹೊತ್ತಿಗೆ ಕಂಟ್ರೋಲ್ ರೂಮಿನ ಪರದೆ ಮೇಲೆ ಒಂದು ಜಾಗದಲ್ಲಿ ಗೆರೆ ಮೇಲಕ್ಕೆ ಎದ್ದಿತು. 300ರ ಆಚೀಚೆ ಇರಬೇಕಾದದ್ದು 400 ದಾಟಿತು. ಕಾವು ತಡೆಯೋಕೆ ಕಿಲ್ನಿನ ಒಳಮೈಗೆ ಜೋಡಿಸಿದ ಇಟ್ಟಿಗೆ ಉದುರಿದರೆ ಹೀಗಾಗುತ್ತದೆ. ಕಬ್ಬಿಣ ಕೆಂಪಗೆ ಕಾಯುತ್ತದೆ, ಅದಕ್ಕೆ ರೆಡ್ ಸ್ಪಾಟ್ ಅಂತಾರೆ. ಜಾಸ್ತಿಯಾದರೆ ಕಿಲ್ನನ್ನೇ ನಿಲ್ಲಿಸಬೇಕು. ‘ಸ್ಕ್ಯಾನರ್ ಗಾಜಿನ ಮ್ಯಾಲೆ ಧೂಳು ಕುಂತಿರಬೇಕು’ ಅಂದರು ಒಬ್ಬರು. ಮಧ್ಯಾಹ್ನವೇ ನಾನು ಅದನ್ನು ಒರೆಸಿ ಬಂದಿದ್ದೆ. ‘ಧೂಳಲ್ಲ ಸರ್, ಇಟ್ಟಿಗೆ ಹೋಗಿದೆ’ ಅಂದೆ. ಟಾರ್ಚ್ ಹಿಡಿದು ಹೋಗಿ ನೋಡಿದರೆ ನಿಜವೇ. ಆ ಜಾಗದ ಮೈ ಬೇರೆ ಥರ ಕಾಣುತ್ತಿತ್ತು.

ಅಷ್ಟರಲ್ಲಿ ಆರೂಮುಕ್ಕಾಲು. ಹೊರಗೆ ಕಲಬುರಗಿ ಬಸ್ಸಿನ ಹಾರ್ನ್. ಶಿಫ್ಟಿನವರು ನನ್ನ ಕಡೆ ತಿರುಗಿ, ‘ನೀವು ನಡೀರಿ ಮೇಡಮ್, ಬಸ್ ಹೊಂಟದ. ನಾವು ನೋಡ್ಕೋತೀವಿ’ ಅಂದರು. ಆ ದನಿಯಲ್ಲಿ ಒಂಚೂರೂ ಕುಹಕ ಇರಲಿಲ್ಲ. ಅಕ್ಕತಂಗಿಯರಿಗೆ ಹೇಳುವ ಹಾಗೆ ಹೇಳಿದ್ದರು. ನಾನೂ ಬ್ಯಾಗ್ ಎತ್ತಿಕೊಂಡು ಹೊರಟೆ.

ರಾತ್ರಿಯೆಲ್ಲ ಆ ಜಾಗಕ್ಕೆ ಫ್ಯಾನ್ ಹಿಡಿದು, ವೇಗ ಇಳಿಸಿ, ಒಳಗೆ ಮತ್ತೆ ಪದರ ಕೂರುವಂತೆ ಮಾಡಿ ಕಿಲ್ನ್ ಉಳಿಸಿದರು. ನನಗಿಂತ ಎರಡು ವರ್ಷ ಜೂನಿಯರ್ ಹುಡುಗನೊಬ್ಬ ಆ ರಾತ್ರಿ ಅಲ್ಲಿದ್ದ. ಚುರುಕಿನವ, ಚೆನ್ನಾಗಿಯೇ ಕೆಲಸ ಮಾಡಿದ. ಆರು ತಿಂಗಳಿಗೆ ಸೆಕ್ಷನ್ ಚಾರ್ಜ್ ಖಾಲಿಯಾದಾಗ ಅವನ ಹೆಸರೇ ಬಂತು. ಯಾಕೆ ಅಂತ ಕೇಳಿದೆ. ‘ಆ ರಾತ್ರಿ ಅವನೇ ಹ್ಯಾಂಡಲ್ ಮಾಡ್ಯಾನಲ್ರಿ’ ಅಂದರು. ಉತ್ತರದಲ್ಲಿ ಸುಳ್ಳು ಇರಲಿಲ್ಲ. ಅದಕ್ಕೇ ಎದುರು ಮಾತು ಹೊಳೆಯಲಿಲ್ಲ.

‘ಮುರಿದ ಪಾವಟಿಗೆ’ ಅನ್ನುವ ಪದ ನನಗೆ ಹಿಡಿಸಿದ್ದು ಇದಕ್ಕೇ. ಪಾವಟಿಗೆ ಮುರಿಯೋಕೆ ದ್ವೇಷ ಬೇಕಿಲ್ಲ. ಒಳ್ಳೆಯ ಮನಸ್ಸಿನಿಂದ ಬಂದ ‘ನಾವು ನೋಡ್ಕೋತೀವಿ’ ಸಾಕು. ಕಷ್ಟದ ಗಳಿಗೆ ದಾಟಿಸಿದವರಿಗೆ ಚಾರ್ಜ್ ಸಿಗುತ್ತದೆ, ಮತ್ತು ಕಷ್ಟದ ಗಳಿಗೆಯಿಂದ ನಮ್ಮನ್ನು ಜೋಪಾನವಾಗಿ ಬಸ್ಸಿಗೆ ಕಳಿಸಿರುತ್ತಾರೆ. ನಮ್ಮ ಪಾಲಿಗೆ ಬರುವುದು ಐಎಸ್‌ಒ ಆಡಿಟ್ ಫೈಲು, ಮೀಟಿಂಗಿನ ನಡಾವಳಿ ಬರೆಯುವುದು, ಬಂದ ಟ್ರೈನಿಗಳಿಗೆ ಪ್ಲಾಂಟ್ ತೋರಿಸುವುದು. ಸುರಕ್ಷತಾ ಸಪ್ತಾಹ ಬಂದರೆ ರಂಗೋಲಿ ಕೂಡ! ಇವೆಲ್ಲ ಬೇಕಾದ ಕೆಲಸಗಳೇ, ರಂಗೋಲಿ ಬಿಟ್ಟು. ಬಡ್ತಿಯ ಹೊತ್ತಿಗೆ ಮಾತ್ರ ಇದ್ಯಾವುದೂ ಯಾರಿಗೂ ನೆನಪಾಗುವುದಿಲ್ಲ.

ಸರ್ಕಾರಿ ಇಲಾಖೆಗಳಲ್ಲಿ ಕಥೆ ಸ್ವಲ್ಪ ಬೇರೆ. ಅಲ್ಲಿ ಸೀನಿಯಾರಿಟಿ ಪಟ್ಟಿ ಇದೆ, ಹೆಸರು ಬಂದಾಗ ಬಡ್ತಿ ಬರುತ್ತದೆ. ಕಲ್ಯಾಣ ಕರ್ನಾಟಕದವರಿಗೆ ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371 ಜೆ ವಿಧಿ ಬಂದ ಮೇಲೆ ನಮ್ಮ ಭಾಗದ ಹುಡುಗಿಯರಿಗೆ ಒಳಗೆ ಹೋಗುವ ಬಾಗಿಲೂ ಅಗಲವಾಗಿದೆ. ಆದರೆ ಒಂದೇ ಪದನಾಮದಲ್ಲಿ ಫೀಲ್ಡ್ ಹುದ್ದೆ ಬೇರೆ, ಟೇಬಲ್ ಹುದ್ದೆ ಬೇರೆ. ಸಂಬಳ ಒಂದೇ, ತೂಕ ಒಂದೇ ಅಲ್ಲ. ಲೈನ್‌ಮನ್‌ಗಳ ಸೆಕ್ಷನ್ ನಡೆಸಿದವರಿಗೂ ಟೆಂಡರ್ ಫೈಲ್ ನೋಡಿದವರಿಗೂ ಮುಂದೆ ಸಿಗುವ ಮರ್ಯಾದೆ ಬೇರೆ ಬೇರೆ.

ಸಾಫ್ಟ್‌ವೇರಿನಲ್ಲಿ ರಾತ್ರಿ ಪಾಳಿಯ ಬದಲು ವಯಸ್ಸು ಅಡ್ಡ ಬರುತ್ತದೆ. ಟೀಮ್ ಲೀಡ್ ಆಗುವ ಹೊತ್ತು ಸೇರಿದ ನಾಲ್ಕೈದು ವರ್ಷಕ್ಕೆ ಬರುತ್ತದೆ, ಅಂದ್ರೆ 26, 27ರ ಪ್ರಾಯಕ್ಕೆ. ನಮ್ಮ ಮನೆಗಳಲ್ಲಿ ಮದುವೆ, ಮೊದಲ ಹೆರಿಗೆ, ತವರಿನ ಬಾಣಂತನ ಎಲ್ಲಾ ಆಗಬೇಕಾದದ್ದೂ ಅದೇ ಹೊತ್ತಿಗೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಕ್ಕೆ ಏರಿತು. ಯಾದಗಿರಿಯ ನನ್ನ ಗೆಳತಿ ಅಷ್ಟೂ ರಜೆ ತೆಗೆದುಕೊಂಡು ವಾಪಸ್ ಹೋದಾಗ ಅವಳ ಪ್ರಾಜೆಕ್ಟ್ ಮುಗಿದಿತ್ತು. ಹೊಸ ಟೀಮು, ಹೊಸ ಬಾಸ್. ‘ಮತ್ತ ಫ್ರೆಷರ್ ಆದಂಗಾಯ್ತು ನೋಡು’ ಅಂದಳು.

ಇಷ್ಟು ಹೇಳಿದಾಗ ಯಾರಾದರೂ ಒಬ್ಬರು ಇಸ್ರೋ ಕಡೆ ಕೈ ತೋರಿಸುತ್ತಾರೆ. 2019ರ ಚಂದ್ರಯಾನ 2ಕ್ಕೆ ಪ್ರಾಜೆಕ್ಟ್ ಡೈರೆಕ್ಟರ್ ಎಂ. ವನಿತಾ, ಮಿಷನ್ ಡೈರೆಕ್ಟರ್ ರಿತು ಕರಿಧಾಲ್ ಅಲ್ವೇನು? ಅದಕ್ಕೂ ಮೊದಲು, 2011ರಲ್ಲೇ ಜಿಸ್ಯಾಟ್ 12 ಉಪಗ್ರಹವನ್ನು ಟಿ.ಕೆ. ಅನುರಾಧಾ ಮುನ್ನಡೆಸಲಿಲ್ಲವೇನು? ನಮ್ಮ ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ರಾಜೇಶ್ವರಿ ಚಟರ್ಜಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಭಾಗದ ಮುಖ್ಯಸ್ಥೆಯೇ ಆಗಿದ್ದರು. ಎಲ್ಲವೂ ನಿಜ. ನಮ್ಮ ಸಣ್ಣತ್ತೆಯೂ ಒಂದು ಸಲ ಸೆರಗು ಸಿಕ್ಕಿಸಿಕೊಂಡು ಆ ನಿಚ್ಚಣಿಕೆ ಹತ್ತಿದ್ದಳು. ಹಾಗಂತ ಪಾವಟಿಗೆ ಸರಿಯಿತ್ತು ಅಂತ ಅಲ್ಲ.

ಈ ಪದದ ಜೊತೆಗೇ ಓಡಾಡುವ ಇನ್ನೊಂದು ಪದ ಇದೆ, ‘ಸ್ಪಾನ್ಸರ್’. ಕ್ರಿಕೆಟ್ಟಿನ ಸ್ಪಾನ್ಸರ್ ಅಲ್ಲ. ಮೆಂಟರ್ ನಿಮಗೆ ಬುದ್ಧಿ ಹೇಳುತ್ತಾರೆ. ಸ್ಪಾನ್ಸರ್ ನೀವಿಲ್ಲದ ಕೋಣೆಯಲ್ಲಿ ನಿಮ್ಮ ಹೆಸರು ಹೇಳುತ್ತಾರೆ. ನಮ್ಮ ಕಡೆ ಇದನ್ನು ಕೇಳಿದರೆ ‘ವಶೀಲಿ ಅನ್ರಿ’ ಅಂತಾರೆ. ವಶೀಲಿ ಅಲ್ಲ. ವಶೀಲಿಗೆ ಕೆಲಸ ಬರಬೇಕು ಅಂತಿಲ್ಲ. ಇಲ್ಲಿ ಕೆಲಸ ಬರುತ್ತದೆ, ನೋಡಿದವರು ಮಾತ್ರ ಇಲ್ಲ.

ನನಗೆ ಅಂಥವರು ಸಿಕ್ಕಿದ್ದು 2016ರ ವಾರ್ಷಿಕ ಶಟ್‌ಡೌನ್ ಹೊತ್ತಿಗೆ, ಅಂದ್ರೆ ರಿಪೇರಿಗೆ ಅಂತ ಪ್ಲಾಂಟ್ ನಿಲ್ಲಿಸಿದಾಗ. ಹೊಸದಾಗಿ ಬಂದ ಮ್ಯಾನೇಜರ್ ಒಬ್ಬರು ಬೋರ್ಡಿನ ಮೇಲೆ ಇನ್‌ಸ್ಟ್ರುಮೆಂಟೇಶನ್ ಎದುರಿಗೆ ನನ್ನ ಹೆಸರು ಬರೆದರು. ಹದಿನೈದು ದಿನ, ಹನ್ನೆರಡು ಮಂದಿ ಟೆಕ್ನಿಷಿಯನ್‌ಗಳು. ‘ಸರ್, ರಾತ್ರಿ ನಾನು ಇರೋಕಾಗಲ್ಲ’ ಅಂದೆ. ‘ಇರಬೇಡಿ. ರಾತ್ರಿ ಫೋನ್ ಮಾತ್ರ ನಿಮಗೇ ಬರಲಿ’ ಅಂದರು. ಅಷ್ಟೇ ಅವರು ಮಾಡಿದ್ದು.

ಮೊದಲೆರಡು ದಿನ ನಾನು ಹೇಳಿದ್ದನ್ನು ಟೆಕ್ನಿಷಿಯನ್‌ಗಳು ಇನ್ನೊಬ್ಬ ಸಾಹೇಬರ ಹತ್ತಿರ ಹೋಗಿ ಖಾತ್ರಿ ಮಾಡಿಕೊಂಡು ಬರುತ್ತಿದ್ದರು. ನನಗೆ ಗೊತ್ತಾಗುತ್ತಿತ್ತು, ಸುಮ್ನೆ ಇದ್ದೆ. ಅವರಲ್ಲಿ ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದ ಹಿರಿಯರೊಬ್ಬರಿದ್ದರು, ಎಲ್ಲರೂ ಕಾಕಾ ಅನ್ನುತ್ತಿದ್ದರು. ಮೂರನೇ ದಿನ ಊಟ ಮುಗಿಸಿ ಮಲಗಿದ್ದೆ. ರಾತ್ರಿ 11ಕ್ಕೆ ಫೋನ್ ಬಡಿಯಿತು. ಆ ಕಡೆ ಕಾಕಾ. ಹಿಂದೆ ಗ್ರೈಂಡರಿನ ಸದ್ದು.

‘ಮೇಡಮ್, ವಾಲ್ವ್ ತೆರೀವಲ್ದು. ಏನ್ ಮಾಡಮು ಹೇಳ್ರಿ.’