ಬೋರ್ಡ್ ಅದೇ, ಕೈ ಬೇರೆ: ಡಯಾಬ್ಲೊ ಅಭಿಮಾನಿಗಳ ಸಿಟ್ಟಿನ ಕಥೆ

"ಕಾರ್ ಓಡಿಸೋರ ಕೈಯಾಗ ಕತ್ತಿ ಕೊಟ್ಟಾರಲ್ಲೋ!"

2020ರ ಜುಲೈನಲ್ಲಿ ನಮ್ಮ ಬೆಳಗಾವಿ ಕಾಲೇಜು ಗೆಳೆಯರ ವಾಟ್ಸಾಪ್ ಗುಂಪಿಗೆ ಬಂದ ಮೆಸೇಜ್ ಇದು. ಅಂದು ಕತ್ತಿ, ಮಂತ್ರಗಳ ವಿಡಿಯೊ ಗೇಮ್ ಸರಣಿ 'ಫೇಬಲ್'ನ ಹೊಸ ಆಟ ಘೋಷಣೆಯಾಗಿತ್ತು. ಫೇಬಲ್ ಕಟ್ಟಿದ ಲಯನ್‌ಹೆಡ್ ಸ್ಟುಡಿಯೊವನ್ನು ಮೈಕ್ರೋಸಾಫ್ಟ್ 2016ರಲ್ಲೇ ಮುಚ್ಚಿತ್ತು. ಹೊಸ ಆಟ ಹೋದದ್ದು ಪ್ಲೇಗ್ರೌಂಡ್ ಗೇಮ್ಸ್ ಕೈಗೆ. ಅವರು ಹೆಸರು ಮಾಡಿದ್ದು ಫೋರ್ಜಾ ಹೊರೈಜನ್ ಎಂಬ ಕಾರ್ ರೇಸ್ ಆಟದಿಂದ. ಗುಂಪಿನಲ್ಲಿ ರಾತ್ರಿಯಿಡೀ ಜಗಳ. ಟ್ರೇಲರ್‌ನಲ್ಲಿ ಆಟದ ಒಂದು ದೃಶ್ಯವೂ ಇರಲಿಲ್ಲ. ಆದರೂ ಅರ್ಧ ಜನ ತೀರ್ಪು ಕೊಟ್ಟಾಗಿತ್ತು.

ಹೊರಗಿನವರಿಗೆ ಇದು ಸುಮ್ನೆ ಹಠ ಅನ್ನಿಸಬಹುದು. ಆದರೆ ಹೊಸ ಸ್ಟುಡಿಯೊ ಹಳೆಯ ಆಟವನ್ನು ಕೆಡಿಸೀತು ಎಂಬ ಈ ಹೆದರಿಕೆಗೆ ಒಂದು ಇತಿಹಾಸವಿದೆ. ಒಂದು ಪಾತ್ರವನ್ನು ಬೆಳೆಸುತ್ತಾ ರಾಕ್ಷಸರ ಜೊತೆ ಹೊಡೆದಾಡುವ ಆ್ಯಕ್ಷನ್ ರೋಲ್ ಪ್ಲೇಯಿಂಗ್ ಆಟ ಆಡುವವರಿಗೆ ಅದನ್ನು ಕಲಿಸಿದ್ದು ಮುಖ್ಯವಾಗಿ ಒಂದೇ ಸರಣಿ. ಅದು ಡಯಾಬ್ಲೊ.

ನಾವು ಅದನ್ನು ಆಡಿದ್ದು ಟಿಳಕವಾಡಿಯ ಒಂದು ಬ್ರೌಸಿಂಗ್ ಸೆಂಟರ್‌ನಲ್ಲಿ. ಎಂಟು ಕಂಪ್ಯೂಟರ್, ಎಲ್ಲವೂ ಒಂದೇ ಕೇಬಲ್ಲಿಗೆ ಜೋಡಿಸಿದವು. ಹೊರಗೆ ಜುಲೈ ತಿಂಗಳ ಬೆಳಗಾವಿ ಮಳೆ, ಬಾಗಿಲ ಹತ್ತಿರ ಒದ್ದೆ ಛತ್ರಿಗಳ ರಾಶಿ. ಡಯಾಬ್ಲೊ 2ರಲ್ಲಿ ಒಂದು ಪಾತ್ರದ ಸಾಮಾನನ್ನು ನಮ್ಮದೇ ಇನ್ನೊಂದು ಪಾತ್ರಕ್ಕೆ ದಾಟಿಸಲು ನೇರ ದಾರಿ ಇರಲಿಲ್ಲ. ಗೆಳೆಯ ಆಟ ಹೋಸ್ಟ್ ಮಾಡಬೇಕು, ಅಂದರೆ ತನ್ನ ಕಂಪ್ಯೂಟರ್‌ನಲ್ಲಿ ಆಟ ತೆರೆದಿಡಬೇಕು. ನಾನು ಉಂಗುರವನ್ನು ನೆಲದ ಮೇಲೆ ಹಾಕಬೇಕು. ಆಟದಿಂದ ಹೊರಬಂದು, ಇನ್ನೊಂದು ಪಾತ್ರದಲ್ಲಿ ಒಳಗೆ ಹೋಗಿ, ಎತ್ತಿಕೊಳ್ಳಬೇಕು. ಅಷ್ಟು ಹೊತ್ತು ಗೆಳೆಯ ಕದಲದೆ ಅಲ್ಲೇ ನಿಂತಿರಬೇಕು. ಒಮ್ಮೆ ಹಾಗೆ ಸ್ಟೋನ್ ಆಫ್ ಜೋರ್ಡನ್ ಎಂಬ ಉಂಗುರ ನೆಲದ ಮೇಲಿಟ್ಟು ಹೊರಬಂದೆ. ಕರೆಂಟ್ ಹೋಯಿತು. ಹೋಸ್ಟ್ ಯಂತ್ರಕ್ಕೆ ಯುಪಿಎಸ್ ಇರಲಿಲ್ಲ. ಎರಡು ವಾರ ಆಡಿ ಗಳಿಸಿದ ಉಂಗುರ ಅಲ್ಲಿಗೆ ಮಾಯ. ಗೆಳೆಯ ನನಗಿಂತ ಜಾಸ್ತಿ ಅತ್ತ. ಅವನದೇನೂ ತಪ್ಪಿರಲಿಲ್ಲ.

ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಆಟದ ಮೇಲಿನ ಪ್ರೀತಿ ಇಂಥ ಸಣ್ಣ ಸಂಗತಿಗಳಲ್ಲಿ ಇರುತ್ತದೆ. ಅದರ ಕಷ್ಟ, ಅದರ ಕತ್ತಲೆ, ಆಟದೊಳಗಿನ ಟ್ರಿಸ್ಟ್ರಾಮ್ ಊರಿಗೆ ಸಂಗೀತಗಾರ ಮ್ಯಾಟ್ ಉಲ್ಮನ್ ನುಡಿಸಿದ ಗಿಟಾರ್, ಪಾತ್ರದ ವಿದ್ಯೆ ಬೆಳೆಸುವ ಒಂದು ಸ್ಕಿಲ್ ಪಾಯಿಂಟ್ ತಪ್ಪು ಹಾಕಿದರೆ ವಾಪಸ್ ತೆಗೆಯಲಾಗದ ಕಟ್ಟುನಿಟ್ಟು. ಇವೆಲ್ಲ ಸೇರಿ ಆಗುವುದೇ ಆ ಆಟದ ಕೈಗುಣ. ಖಾನಾವಳಿಯಲ್ಲಿ ಎಣ್ಣೆಗಾಯಿ ಮಾಡುತ್ತಿದ್ದ ಅಜ್ಜಿ ಕೆಲಸ ಬಿಟ್ಟರೆ ಬೋರ್ಡು ಬದಲಾಗುವುದಿಲ್ಲ. ಮೊದಲ ತುತ್ತಿಗೇ ಗೊತ್ತಾಗುತ್ತದೆ, ಅಲ್ವಾ?

ಡಯಾಬ್ಲೊ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಕಾಂಡರ್ ಎಂಬ ಸಣ್ಣ ಕಂಪನಿಯಲ್ಲಿ. ಡೇವಿಡ್ ಬ್ರೆವಿಕ್, ಮ್ಯಾಕ್ಸ್ ಶೇಫರ್, ಎರಿಕ್ ಶೇಫರ್ ಅದರ ಮುಖ್ಯರು. ಬ್ರೆವಿಕ್ ಬೆಳೆದ ಊರಿನ ಹತ್ತಿರದ ಬೆಟ್ಟದ ಹೆಸರು ಮೌಂಟ್ ಡಯಾಬ್ಲೊ. ಆಟದ ಹೆಸರು ಬಂದದ್ದು ಅಲ್ಲಿಂದ. 1996ರಲ್ಲಿ ಬ್ಲಿಝಾರ್ಡ್ ಎಂಬ ಗೇಮ್ ಕಂಪನಿ ಇದನ್ನು ಕೊಂಡು ಬ್ಲಿಝಾರ್ಡ್ ನಾರ್ತ್ ಎಂದು ಹೆಸರಿಟ್ಟಿತು.

ಇಲ್ಲಿ ಅಭಿಮಾನಿಗಳು ಮರೆಯುವ ಒಂದು ವಿಷಯವಿದೆ. ಮೊದಲು ಡಯಾಬ್ಲೊ ಚದುರಂಗದ ಹಾಗೆ ಸರದಿ ಪ್ರಕಾರ ಆಡುವ ಆಟವಾಗಿತ್ತು. ನಾನೊಂದು ಹೆಜ್ಜೆ, ರಾಕ್ಷಸ ಒಂದು ಹೆಜ್ಜೆ. ಅದನ್ನು ಬಿಟ್ಟು ನೇರ ಹೊಡೆದಾಟ ಮಾಡಿ ಎಂದು ಒತ್ತಾಯಿಸಿದ್ದು ದಕ್ಷಿಣ ಕ್ಯಾಲಿಫೋರ್ನಿಯಾದ ಮೂಲ ಬ್ಲಿಝಾರ್ಡ್ ತಂಡ. ಬ್ರೆವಿಕ್‌ಗೆ ಇಷ್ಟವಿರಲಿಲ್ಲ. ಆದರೂ ಒಂದು ಮಧ್ಯಾಹ್ನ ಕೂತು ಕೋಡ್ ಬದಲಿಸಿದರು. ಅಸ್ಥಿಪಂಜರದ ಮೇಲೆ ಕ್ಲಿಕ್ ಮಾಡಿದರು. ಯೋಧ ನಡೆದುಹೋಗಿ ಒಂದೇ ಏಟಿಗೆ ಅದನ್ನು ಕೆಡವಿದ. ಇದೇ ಸರಿಯಾದ ನಿರ್ಧಾರ ಎಂದು ಆ ಕ್ಷಣ ಗೊತ್ತಾಯಿತೆಂದು ಅವರೇ ಮುಂದೆ ಹೇಳಿಕೊಂಡರು. ನಾವು 'ಅಸಲಿ ಕೈ' ಎಂದು ಪೂಜಿಸುವುದು ಮೊದಲಿನಿಂದಲೂ ಒಂದೇ ಕೈ ಆಗಿರಲಿಲ್ಲ.

2000ದಲ್ಲಿ ಡಯಾಬ್ಲೊ 2, 2001ರಲ್ಲಿ ಅದರ ವಿಸ್ತರಣೆ ಲಾರ್ಡ್ ಆಫ್ ಡಿಸ್ಟ್ರಕ್ಷನ್ ಬಂದವು. 2003ರಲ್ಲಿ ಮೇಲಿನ ಮಾಲೀಕ ಕಂಪನಿ ವಿವೇಂದಿ ತನ್ನ ಗೇಮ್ ವಿಭಾಗವನ್ನು ಮಾರುವ ಮಾತು ಎದ್ದಿತು. ಮಾತುಕತೆಯಲ್ಲಿ ನಮ್ಮನ್ನೂ ಕೂರಿಸಿಕೊಳ್ಳಿ ಎಂದು ನಾರ್ತ್‌ನ ಮುಖ್ಯರು ಕೇಳಿದರು, ಇಲ್ಲದಿದ್ದರೆ ರಾಜೀನಾಮೆ ಎಂದರು. ರಾಜೀನಾಮೆ ಅಂಗೀಕಾರವಾಯಿತು. ಬ್ರೆವಿಕ್, ಶೇಫರ್ ಅಣ್ಣತಮ್ಮಂದಿರು, ಬಿಲ್ ರೋಪರ್ ಒಟ್ಟಿಗೆ ಹೊರಬಂದರು. 2005ರಲ್ಲಿ ಬ್ಲಿಝಾರ್ಡ್ ನಾರ್ತ್ ಬಾಗಿಲೇ ಮುಚ್ಚಿತು. ಅಲ್ಲಿ ಶುರುವಾಗಿದ್ದ ಡಯಾಬ್ಲೊ 3 ರದ್ದಾಯಿತು. ಕಟ್ಟಿದವರು ಹೋದರೂ ಹೆಸರು ಕಂಪನಿಯದೇ. ಹೊಸ ಸ್ಟುಡಿಯೊ ಎಂಬ ಸಮಸ್ಯೆ ಹುಟ್ಟುವುದೇ ಇಲ್ಲಿಂದ.

2008ರ ಜೂನ್‌ನಲ್ಲಿ ಪ್ಯಾರಿಸ್‌ನಲ್ಲಿ ಹೊಸ ಡಯಾಬ್ಲೊ 3 ಘೋಷಣೆಯಾಯಿತು. ಈ ಬಾರಿ ಮಾಡುವವರು ದಕ್ಷಿಣದ ಅರ್ವೈನ್‌ನ ಬ್ಲಿಝಾರ್ಡ್ ತಂಡ, ಮುಂದಾಳು ಜೇ ವಿಲ್ಸನ್. ತೋರಿಸಿದ ವಿಡಿಯೊ, ಚಿತ್ರಗಳಲ್ಲಿ ಬಣ್ಣ ಜಾಸ್ತಿ ಕಂಡಿತು, ಜಲಪಾತದ ಹತ್ತಿರ ಕಾಮನಬಿಲ್ಲೂ ಕಂಡಿತು. ಇದು ನಮ್ಮ ಡಯಾಬ್ಲೊ ಅಲ್ಲ ಎಂದು ಅಭಿಮಾನಿಗಳು ಸಹಿ ಸಂಗ್ರಹಕ್ಕೆ ಇಳಿದರು. ಸಾವಿರಾರು ಸಹಿ ಬಿದ್ದವು. ಕೆಲವರು ಚಿತ್ರಗಳಿಗೆ ತಾವೇ ಕಪ್ಪು ಬಳಿದು ಹೀಗಿರಬೇಕಿತ್ತು ಎಂದು ತೋರಿಸಿದರು. ಬ್ಲಿಝಾರ್ಡ್ ಒಪ್ಪಲಿಲ್ಲ. ಆಟದೊಳಗೆ ಕಾಮನಬಿಲ್ಲು, ಯೂನಿಕಾರ್ನ್ ತುಂಬಿದ ವಿಮ್ಸಿಶೈರ್ ಎಂಬ ಗುಪ್ತ ಹಂತವೊಂದನ್ನು ಇಟ್ಟು ಉತ್ತರ ಕೊಟ್ಟಿತು.

ನನ್ನ ಅಭಿಪ್ರಾಯದಲ್ಲಿ ಬಣ್ಣದ ಜಗಳ ತಪ್ಪು ಜಾಗದಲ್ಲಿ ನಡೆದ ಜಗಳ. ನಿಜವಾದ ಗಾಯ ಆದದ್ದು 2012ರ ಮೇ 15ರಂದು, ಆಟ ಬಿಡುಗಡೆಯಾದಾಗ. ಒಬ್ಬರೇ ಆಡಿದರೂ ಇಂಟರ್ನೆಟ್ ಬೇಕೇ ಬೇಕು. ಮೊದಲ ದಿನ ಸರ್ವರ್ ತುಂಬಿ 'ಎರರ್ 37' ಎಂಬ ಸಾಲು ಬಿಟ್ಟರೆ ಬೇರೇನೂ ಕಾಣಲಿಲ್ಲ. ಮಳೆಗಾಲ ಶುರುವಾದ ಮೇಲೆ ಬೆಳಗಾವಿಯ ನನ್ನ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಲೈನ್ ವಾರಕ್ಕೆರಡು ಸಲ ಸಾಯುತ್ತಿತ್ತು. ಲೈನ್ ಹೋದರೆ ದುಡ್ಡು ಕೊಟ್ಟು ತಂದ ಆಟ ಕಂಪ್ಯೂಟರ್‌ನಲ್ಲೇ ಇದ್ದೂ ಇಲ್ಲದ ಹಾಗೆ.

ಅದಕ್ಕಿಂತ ದೊಡ್ಡದು ಹರಾಜು ಕಟ್ಟೆ. ಆಟದಲ್ಲಿ ಸಿಕ್ಕ ಕತ್ತಿ, ಕವಚಗಳನ್ನು ನಿಜವಾದ ದುಡ್ಡಿಗೆ ಮಾರಬಹುದು, ಕೊಳ್ಳಬಹುದು. ಈ ಜಾತಿಯ ಆಟದ ಜೀವ ಇರುವುದೇ ಲೂಟಿನಲ್ಲಿ. ರಾಕ್ಷಸ ಸತ್ತಾಗ ನೆಲಕ್ಕೆ ಏನು ಬೀಳುತ್ತದೆ ಎಂಬ ಕುತೂಹಲಕ್ಕೇ ನಾವು ನೂರು ಸಲ ಅದೇ ಗುಹೆಗೆ ಹೋಗುವುದು. ಒಳ್ಳೆಯದು ಅಂಗಡಿಯಲ್ಲೇ ಸಿಗುತ್ತದೆ ಅಂದ ಮೇಲೆ ಗುಹೆಗೆ ಹೋಗುವುದೇಕೆ? ಮೊದಲ 24 ಗಂಟೆಯಲ್ಲಿ 35 ಲಕ್ಷ ಪ್ರತಿ ಮಾರಾಟವಾದವು. ಆದರೂ ಹಳೆಯ ಆಟಗಾರರು ಗುಂಪು ಗುಂಪಾಗಿ ಎದ್ದುಹೋದರು. ಹರಾಜು ಕಟ್ಟೆ ಆಟವನ್ನು ಕೆಡಿಸಿತು ಎಂದು 2013ರಲ್ಲಿ ವಿಲ್ಸನ್ನರೇ ಒಪ್ಪಿಕೊಂಡರು. 2014ರ ಮಾರ್ಚ್ 18ರಂದು ಅದನ್ನು ಮುಚ್ಚಿದರು. ಅದೇ ತಿಂಗಳು ಬಂದ ರೀಪರ್ ಆಫ್ ಸೋಲ್ಸ್ ವಿಸ್ತರಣೆ ಆಟವನ್ನು ಮತ್ತೆ ಎತ್ತಿ ನಿಲ್ಲಿಸಿತು. ಅಭಿಮಾನಿಗಳ ಕೂಗು ಕೇಳಿಸಿಕೊಂಡದ್ದಕ್ಕೆ ಅದೊಂದು ಒಳ್ಳೆಯ ಸಾಕ್ಷಿ.

ಹಳೆಯ ಕೈಗಳು ಎಲ್ಲಿ ಹೋದವು? ಮೊದಲು ಫ್ಲ್ಯಾಗ್‌ಶಿಪ್ ಸ್ಟುಡಿಯೋಸ್ ಕಟ್ಟಿ ಹೆಲ್‌ಗೇಟ್: ಲಂಡನ್ ಮಾಡಿದರು, 2008ರಲ್ಲಿ ಮುಳುಗಿದರು. ಆಮೇಲೆ ಶೇಫರ್ ಸಹೋದರರು ಸಿಯಾಟಲ್‌ನ ರೂನಿಕ್ ಗೇಮ್ಸ್ ಸೇರಿ ಕಟ್ಟಿದರು, 2009ರಲ್ಲಿ ಟಾರ್ಚ್‌ಲೈಟ್ ಬಂತು. ಬೆಲೆ 20 ಡಾಲರ್. ಸಂಗೀತ ಅದೇ ಉಲ್ಮನ್. ಅದರ ಊರಿನ ಗಿಟಾರ್ ಕೇಳಿದ ಮೊದಲ ರಾತ್ರಿ ನನಗೆ ಟಿಳಕವಾಡಿಯ ಒದ್ದೆ ಛತ್ರಿಗಳ ವಾಸನೆ ನೆನಪಾಯಿತು. ಡಯಾಬ್ಲೊ 3 ಬಂದ ನಾಲ್ಕು ತಿಂಗಳಿಗೆ ಟಾರ್ಚ್‌ಲೈಟ್ 2 ಬಂತು. ಇಂಟರ್ನೆಟ್ ಇಲ್ಲದೆಯೂ ಆಡಬಹುದಿತ್ತು, ಪಕ್ಕದ ಕಂಪ್ಯೂಟರ್‌ಗಳನ್ನು ಕೇಬಲ್ಲಿಗೆ ಜೋಡಿಸಿ ಆಡುವ ಲ್ಯಾನ್ ಕೂಡ ಇತ್ತು. ಹೆಸರು ಬೇರೆ, ರುಚಿ ಅದೇ.

ಬೇರೆ ಸರಣಿಗಳ ಅನುಭವವೂ ಹೆದರಿಕೆ ಬೆಳೆಸಿತು. ಸೇಕ್ರೆಡ್ ಸರಣಿ ಕಟ್ಟಿದ ಜರ್ಮನಿಯ ಅಸ್ಕಾರಾನ್ ಕಂಪನಿ ದಿವಾಳಿಯಾದ ಮೇಲೆ ಬೇರೆ ಸ್ಟುಡಿಯೊ ಮಾಡಿದ ಸೇಕ್ರೆಡ್ 3ರಲ್ಲಿ ವಿಶಾಲವಾದ ತೆರೆದ ಲೋಕವೇ ಇರಲಿಲ್ಲ. ಹಳೆಯ ಅಭಿಮಾನಿಗಳು ಅದನ್ನು ಇವತ್ತಿಗೂ ಕ್ಷಮಿಸಿಲ್ಲ. 2018ರಲ್ಲಿ ಬ್ಲಿಝಾರ್ಡ್ ಚೀನಾದ ನೆಟ್‌ಈಸ್ ಕಂಪನಿಯ ಜೊತೆ ಸೇರಿ ಮೊಬೈಲ್‌ಗೆ ಡಯಾಬ್ಲೊ ಇಮ್ಮಾರ್ಟಲ್ ಘೋಷಿಸಿದಾಗ ಸಭಾಂಗಣದಲ್ಲೇ ಜನ ಮುಖ ಗಂಟಿಕ್ಕಿದರು. "ನಿಮ್ಮ ಹತ್ತಿರ ಫೋನ್ ಇಲ್ವಾ?" ಎಂದು ವೇದಿಕೆಯಿಂದ ಕೇಳಿದ ಮಾತು ಬೆಂಕಿಗೆ ತುಪ್ಪ ಸುರಿಯಿತು.

ಹಾಗಾಗಿ ಡಯಾಬ್ಲೊ 2ನ್ನೇ ಹೊಸದಾಗಿ ಮಾಡುವ ಕೆಲಸ ವಿಕೇರಿಯಸ್ ವಿಷನ್ಸ್ ಎಂಬ ಬೇರೆ ಸ್ಟುಡಿಯೊಗೆ ಹೋಯಿತೆಂದು ತಿಳಿದಾಗ ನಾವು ಉಸಿರು ಬಿಗಿಹಿಡಿದಿದ್ದೆವು. ಹಿಂದಿನ ವರ್ಷವಷ್ಟೇ ಬ್ಲಿಝಾರ್ಡ್‌ನದೇ ಇನ್ನೊಂದು ಹಳೆಯ ಆಟ ವಾರ್‌ಕ್ರಾಫ್ಟ್ 3ರ ಹೊಸ ರೂಪ ಕೆಟ್ಟು ಬಂದಿತ್ತು. ಆದರೆ 2021ರ ಸೆಪ್ಟೆಂಬರ್‌ನಲ್ಲಿ ಬಂದ ಡಯಾಬ್ಲೊ 2: ರಿಸರೆಕ್ಟೆಡ್ ಬೇರೆಯೇ ಇತ್ತು. ಅವರು ಹಳೆಯ ಆಟದ ಒಳಲೆಕ್ಕವನ್ನು ಹಾಗೇ ಓಡಲು ಬಿಟ್ಟು, ಮೇಲೆ ಹೊಸ ಚಿತ್ರ ಹೊದಿಸಿದ್ದರು. ಕೀಬೋರ್ಡಿನಲ್ಲಿ 'ಜಿ' ಒತ್ತಿದರೆ ಹೊದಿಕೆ ಸರಿಯುತ್ತದೆ, 2000ದ ಚಿತ್ರ ಕಾಣುತ್ತದೆ. ಮತ್ತೆ ಒತ್ತಿದರೆ ಹೊಸದು. ನಾನು ಮೊದಲ ದಿನ ಅರ್ಧ ಗಂಟೆ ಅದನ್ನೇ ಒತ್ತುತ್ತಾ ಕೂತಿದ್ದೆ. ಬೇರೆಯವರು ಕಟ್ಟಿದ ಮನೆಯ ಗೋಡೆ ಒಡೆಯದೆ ಸುಣ್ಣ ಬಳಿಯಲು ತಾಳ್ಮೆ ಬೇಕು. ಅವರಿಗೆ ಅದಿತ್ತು.

ಎಲ್ಲ ಸರಿಯಿತ್ತು ಎನ್ನಲಾರೆ. ಮೊದಲ ವಾರಗಳಲ್ಲಿ ಸರ್ವರ್‌ಗಳು ಪದೇ ಪದೇ ಕುಸಿದವು. ನಾವು ಆಡಿ ಬೆಳೆದ ಟಿಸಿಪಿ-ಐಪಿ ಆಟವನ್ನು ಭದ್ರತೆಯ ಕಾರಣಕ್ಕೆ ತೆಗೆದುಹಾಕಿದರು. ಎಂಟು ಕಂಪ್ಯೂಟರ್ ಒಂದೇ ಕೇಬಲ್ಲಿಗೆ ಕಟ್ಟಿ ಆಡುವ ಆ ದಾರಿ ಮುಚ್ಚಿಹೋಯಿತು. ಅದು ನನಗೆ ಇವತ್ತಿಗೂ ನೋವು.

ಹೊಸ ಆಟದಲ್ಲಿ ಎಲ್ಲ ಪಾತ್ರಗಳಿಗೂ ಸೇರಿದ ಪೆಟ್ಟಿಗೆ ಇದೆ. ಒಂದರಲ್ಲಿ ಇಟ್ಟರೆ ಇನ್ನೊಂದರಲ್ಲಿ ತೆಗೆಯಬಹುದು. ನೆಲದ ಮೇಲೆ ಏನೂ ಹಾಕಬೇಕಿಲ್ಲ. ಅಂದು ಹೋಸ್ಟ್ ಮಾಡುತ್ತಿದ್ದ ಗೆಳೆಯ ಈಗ ಪುಣೆಯಲ್ಲಿದ್ದಾನೆ. ಕಳೆದ ಮಳೆಗಾಲದಲ್ಲಿ ಒಟ್ಟಿಗೆ ಆಡುವಾಗ ನನಗೆ ಸ್ಟೋನ್ ಆಫ್ ಜೋರ್ಡನ್ ಸಿಕ್ಕಿತು. ಇನ್ನೊಂದು ಪಾತ್ರಕ್ಕೆ ಕೊಡಬೇಕು ಎಂದೆ. ಪೆಟ್ಟಿಗೆಯ ವಿಷಯ ಅವನಿಗೂ ಚೆನ್ನಾಗಿ ಗೊತ್ತು. ಆದರೂ ಹೆಡ್‌ಫೋನ್‌ನಲ್ಲಿ ಅವನ ದನಿ ಬಂತು: "ನೆಲದ ಮ್ಯಾಲೆ ಇಡ್ಲೇ. ನಾ ಕಾಯ್ಕೋತ ನಿಂತಿರ್ತೀನಿ. ಈ ಸಲ ಯುಪಿಎಸ್ ಐತಿ."