ಕಾಂಡಕೊರಕದ ಪುಸ್ತಕ ಯಾವ ಬೀರುವಿಗೆ?

ಕೊಡಗಿನ ಅರೇಬಿಕಾ ಕಾಫಿ ಬೆಳೆಗಾರರಿಗೆ ಬಿಳಿ ಕಾಂಡಕೊರಕ ಅಂದರೆ ಎದೆ ಧಸಕ್ಕೆನ್ನುತ್ತದೆ. ಮರಿಹುಳು ಕಾಂಡದ ಒಳಗೇ ಕೊರೆದುಕೊಂಡು ಹೋಗುತ್ತದೆ, ಹೊರಗಿಂದ ಸುಲಭವಾಗಿ ಕಾಣುವುದಿಲ್ಲ. ಈ ಹುಳುವಿನ ಹತೋಟಿಯ ಬಗ್ಗೆ ಒಂದು ಪುಸ್ತಕ ಇದೆ ಅಂದುಕೊಳ್ಳಿ. ಗ್ರಂಥಾಲಯದಲ್ಲಿ ಅದನ್ನು ಎಲ್ಲಿ ಇಡಬೇಕು? ಕಾಫಿಯ ಜೊತೆಗಾ, ಕೀಟಗಳ ಜೊತೆಗಾ, ಇಲ್ಲ ಕೊಡಗಿನ ಜೊತೆಗಾ?

ಅಮೆರಿಕದ ಗ್ರಂಥಪಾಲಕ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ, ವಿಷಯಕ್ಕೊಂದು ಸಂಖ್ಯೆ ಕೊಡುವ ದಶಮಾಂಶ ಪದ್ಧತಿ ಇವತ್ತಿಗೂ ನಮ್ಮ ಅನೇಕ ಗ್ರಂಥಾಲಯಗಳಲ್ಲಿದೆ. ಅದರಲ್ಲಿ ಕಾಫಿ ಬೆಳೆ 633.73, ಕೀಟಗಳು 595.7, ಕರ್ನಾಟಕದ ಚರಿತ್ರೆ 954.87. ಮೂರೂ ಬೇರೆ ಬೇರೆ ಬೀರುಗಳು. ಪುಸ್ತಕ ಮಾತ್ರ ಒಂದೇ. ಕಾಫಿಯ ಜೊತೆ ಇಟ್ಟರೆ ಕೀಟ ಓದುವ ವಿದ್ಯಾರ್ಥಿ ಅದರ ಪಕ್ಕಕ್ಕೂ ಬರುವುದಿಲ್ಲ. ಒಂದು ವಸ್ತುವಿಗೆ ನಂಟು ಹತ್ತಾರು ಇರಬಹುದು, ಕೂರಲು ಜಾಗ ಒಂದೇ. ಬರಹಗಳನ್ನು ಜೋಡಿಸಿಡುವ ಎಲ್ಲರ ಪರದಾಟವೂ ಇಲ್ಲಿಂದಲೇ ಶುರು.

ಹಿಂದೆ ಜಾಗವೇ ಎಲ್ಲವೂ ಆಗಿತ್ತು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ರಾಬರ್ಟ್ ಕಾಟನ್ ಎಂಬುವವರು ಹಸ್ತಪ್ರತಿಗಳ ದೊಡ್ಡ ಸಂಗ್ರಹ ಮಾಡಿದರು. ಅವರ ಬೀರುಗಳ ಮೇಲೆ ರೋಮ್‌ನ ಚಕ್ರವರ್ತಿಗಳ ಶಿಲ್ಪಗಳಿದ್ದವು. ಹಳೆಯ ಇಂಗ್ಲಿಷಿನ ಮಹಾಕಾವ್ಯ ಬಿಯೊವುಲ್ಫ್ ಇದ್ದದ್ದು ವಿಟೆಲಿಯಸ್ ಚಕ್ರವರ್ತಿಯ ಬೀರುವಿನಲ್ಲಿ, 'ಎ' ಅಂಕಣದಲ್ಲಿ, 15ನೆಯದಾಗಿ. 1731ರಲ್ಲಿ ಆ ಸಂಗ್ರಹಕ್ಕೆ ಬೆಂಕಿ ಬಿತ್ತು. ಹಸ್ತಪ್ರತಿಯ ಅಂಚು ಸುಟ್ಟಿತು, ಕಾವ್ಯ ಉಳಿಯಿತು. ಇವತ್ತು ಅದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ, ಆ ಬೀರುವಿನಲ್ಲಿ ಅಲ್ಲ. ಆದರೂ ಅದರ ಗುರುತು ಈಗಲೂ 'ಕಾಟನ್, ವಿಟೆಲಿಯಸ್, ಎ, 15'. ನನಗೆ ಇದು ತುಂಬಾ ಇಷ್ಟವಾದ ಸಂಗತಿ. ಆ ವಿಳಾಸ ನೋಡಿದರೆ ಒಳಗೆ ಏನಿದೆ ಎಂದು ಒಂಚೂರೂ ಗೊತ್ತಾಗುವುದಿಲ್ಲ. ಆದರೆ ನೂರಾರು ವರ್ಷಗಳಿಂದ ವಿದ್ವಾಂಸರು ಬರೆದ ಉಲ್ಲೇಖ ಒಂದೂ ದಾರಿ ತಪ್ಪಿಸಿಲ್ಲ. ವಿಳಾಸದ ಕೆಲಸ ಬದಲಾಗದೇ ಇರುವುದು, ಅಷ್ಟೇ. ಒಳಗಿರುವುದನ್ನು ಬಣ್ಣಿಸುವುದು ಬೇರೆಯೇ ಕೆಲಸ.

ಆ ಎರಡನೇ ಕೆಲಸದ ಬಗ್ಗೆ ಆಳವಾಗಿ ಯೋಚಿಸಿದವರು ಎಸ್.ಆರ್. ರಂಗನಾಥನ್. ಮೂಲತಃ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ, ತರಬೇತಿಗೆ ಲಂಡನ್ನಿಗೆ ಹೋದರು. ಅಲ್ಲಿ ಒಂದು ದೊಡ್ಡ ಅಂಗಡಿಯಲ್ಲಿ ಮೆಕ್ಯಾನೋ ಆಟಿಕೆ ಕಂಡರು. ಅದೇ ಪಟ್ಟಿಗಳು, ಅದೇ ನಟ್ಟು ಬೋಲ್ಟು. ಜೋಡಿಸಿದ ಹಾಗೆ ಬೇರೆ ಬೇರೆ ಆಟಿಕೆ ಆಗುತ್ತಿತ್ತು. ವಿಷಯಗಳನ್ನೂ ಹೀಗೇ ಬಿಡಿಭಾಗಗಳಿಂದ ಕಟ್ಟಬಹುದಲ್ವಾ ಅಂತ ಅವರಿಗೆ ಹೊಳೆಯಿತು. ಎರಡು ಚುಕ್ಕಿಯ ಕೋಲನ್ ಚಿಹ್ನೆಯನ್ನೇ ಬೋಲ್ಟಿನಂತೆ ಬಳಸಿದರು. 1933ರಲ್ಲಿ ಅವರ ಕೋಲನ್ ವರ್ಗೀಕರಣ ಹೊರಬಂತು.

ಅವರು ಕೇಳಿದ ಪ್ರಶ್ನೆ 'ಇದು ಯಾವ ಡಬ್ಬಕ್ಕೆ ಸೇರುತ್ತದೆ' ಎಂಬುದಲ್ಲ. 'ಇದರಲ್ಲಿ ಯಾವ ಯಾವ ಮುಖಗಳಿವೆ' ಎಂದು ಕೇಳಿದರು. ಮುಖ್ಯ ವಸ್ತು ಯಾವುದು, ದ್ರವ್ಯ ಯಾವುದು, ಏನು ನಡೆಯುತ್ತಿದೆ, ಎಲ್ಲಿ, ಯಾವಾಗ. ನಮ್ಮ ಪುಸ್ತಕದ ಮಟ್ಟಿಗೆ ಕಾಫಿ, ಕಾಂಡಕೊರಕ, ಹತೋಟಿ, ಕೊಡಗು, ಬರೆದ ಕಾಲ. ಯಾವುದನ್ನೂ ಕೈಬಿಡಬೇಕಾಗಿಲ್ಲ.

ಇದರ ಬಲ ಲೆಕ್ಕ ಮಾಡಿದರೆ ತಿಳಿಯುತ್ತದೆ. 10 ಬೆಳೆ, ಕರ್ನಾಟಕದ 31 ಜಿಲ್ಲೆ, 5 ಬಗೆಯ ತೊಂದರೆ ಎಂದಿಟ್ಟುಕೊಳ್ಳಿ. ಪ್ರತಿ ಜೋಡಣೆಗೂ ಒಂದು ಡಬ್ಬ ಮಾಡಿದರೆ ಗುಣಿಸಬೇಕು, 1550 ಡಬ್ಬ ಬೇಕು. ಜಾಸ್ತಿ ಡಬ್ಬ ಖಾಲಿ ಬಿದ್ದಿರುತ್ತವೆ. ಮುಖಗಳಿಗೆ ಹೆಸರಿಟ್ಟರೆ ಸುಮ್ನೆ ಕೂಡಿದರೆ ಸಾಕು. 46 ಹೆಸರು, ಅಷ್ಟೇ.

ಆದರೂ ಕಾಗದದ ಪುಸ್ತಕ ಕೊನೆಗೆ ಒಂದೇ ಕಡೆ ಕೂರಬೇಕು. ಆ ಕಟ್ಟು ಬಿಚ್ಚಿದ್ದು ಕಂಪ್ಯೂಟರ್. ಅದರೊಳಗೆ ವರ್ಗ ಎಂಬುದು ಡಬ್ಬವೇ ಅಲ್ಲ. ಒಂದು ಕೋಷ್ಟಕದಲ್ಲಿ ಬರಹಗಳು, ಒಂದೊಂದಕ್ಕೂ ಬದಲಾಗದ ಒಂದು ಸಂಖ್ಯೆ. ಇನ್ನೊಂದರಲ್ಲಿ ವರ್ಗಗಳ ಹೆಸರು, ಅವಕ್ಕೂ ಸಂಖ್ಯೆ. ಮೂರನೆಯದರಲ್ಲಿ ಬರೀ ಜೋಡಿಗಳು: 212ನೇ ಬರಹ, 7ನೇ ವರ್ಗ. 212ನೇ ಬರಹ, 19ನೇ ವರ್ಗ. ಬರಹ ಇದ್ದಲ್ಲೇ ಇರುತ್ತದೆ, ನಕಲು ಆಗುವುದಿಲ್ಲ. ನಂಟು ಮಾತ್ರ ಬೆಳೆಯುತ್ತದೆ. ನಾಳೆ ಒಂದು ವರ್ಗ ಬೇಡವೆನಿಸಿ ಅಳಿಸಿದರೆ ಹೋಗುವುದು ಜೋಡಿಯ ಸಾಲು, ಬರಹ ಅಲ್ಲ. 2004ರಲ್ಲಿ ಬಂದ ಜಿಮೇಲ್ ಫೋಲ್ಡರ್ ಬಿಟ್ಟು ಲೇಬಲ್ ಹಿಡಿದದ್ದು ಇದೇ ದಾರಿ. ಒಂದೇ ಪತ್ರಕ್ಕೆ ಎಷ್ಟು ಲೇಬಲ್ ಬೇಕಾದರೂ ಅಂಟಿಸಬಹುದು.

ಆದರೆ ಸುಲಭ ಅಂತ ಸಿಕ್ಕಿದ್ದಕ್ಕೆಲ್ಲ ಹೆಸರು ಅಂಟಿಸುತ್ತಾ ಹೋದರೆ ಗೋಜಲು ಮತ್ತೆ ಬರುತ್ತದೆ. ನಾನು ಹೆಚ್ಚಾಗಿ ಕಾಣುವ ತಪ್ಪು ಮುಖಗಳನ್ನು ಬೆರೆಸುವುದು. 'ಅಡುಗೆ, ಮಂಗಳೂರು, ಸಂದರ್ಶನ, ಮಳೆಗಾಲ' ಎಂದು ಒಂದೇ ಸಾಲಿನಲ್ಲಿ ಬರೆದರೆ ಒಂದು ವಿಷಯ, ಒಂದು ಊರು, ಒಂದು ರೂಪ, ಒಂದು ಕಾಲ ಆಯಿತು. ಮಂಗಳೂರಿನ ಅಡುಗೆಯವರ ಸಂದರ್ಶನ ಹುಡುಕುವವರು ಎಲ್ಲಿಗೆ ಹೋಗಬೇಕು? ಮೊದಲು ಮುಖಗಳನ್ನು ಬೇರ್ಪಡಿಸಿ, ಆಮೇಲೆ ಹೆಸರಿಡಿ. ಆಗ 'ಇತರೆ' ಎಂಬ ವರ್ಗವೂ ತಾನಾಗೇ ಸೊರಗುತ್ತದೆ.

ಇನ್ನು ಕೆಲವಕ್ಕೆ ವರ್ಗವೇ ಬೇಡ. ಇದನ್ನು ತಿಳಿಯಲು ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದರಂಥದ್ದು ಇನ್ನೊಂದು ಬರುತ್ತದಾ? ಕೊಡಗಿನ ತೋಟಗಳಲ್ಲಿ ಮಳೆ ಲೆಕ್ಕ ಬರೆದಿಡುತ್ತಾರೆ. ಅದು ಪ್ರತಿ ವರ್ಷ ಬರುತ್ತದೆ. ಅದಕ್ಕೆ ವರ್ಷ, ತಿಂಗಳು, ತೋಟ ಎಂಬ ಮುಖಗಳು ಬೇಕೇ ಬೇಕು. ಆದರೆ ಮಳೆಯನ್ನು ಅಲ್ಲಿ ಇಂಚು, ಸೆಂಟುಗಳಲ್ಲಿ ಹೇಳುತ್ತಾರೆ. 1 ಇಂಚಿಗೆ 100 ಸೆಂಟು, ಅಂದರೆ 25.4 ಮಿಲಿಮೀಟರ್. ಇದನ್ನು ತಿಳಿಸುವ ಹಾಳೆ ಒಂದೇ ಒಂದು. ಅದಕ್ಕೆ ಅಣ್ಣತಮ್ಮಂದಿರಿಲ್ಲ, ಮುಂದಿನ ವರ್ಷ ಹೊಸದು ಬರುವುದೂ ಇಲ್ಲ. ಮಳೆ ಲೆಕ್ಕದ ಕಟ್ಟಿನಲ್ಲಿ ಸೇರಿಸಿದರೆ ಅದು ಹಳೆಯ ಹಾಳೆಗಳ ಅಡಿಗೆ ಹೋಗುತ್ತದೆ. ಅದನ್ನು ಮಳೆಮಾಪಕದ ಪುಸ್ತಕ ಇಡುವ ಮೇಜಿನ ಮೇಲೆ, ಗೋಡೆಗೆ, ಎಲ್ಲರ ಕಣ್ಣಿಗೆ ಬೀಳುವಂತೆ ಅಂಟಿಸಿಬಿಡಿ.